ಲೆಕ್ಕಕ್ಕುಂಟು

ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಔಲು ನಗರ. ಜನವರಿ.
ಸೂರ್ಯ ಬರಲು ಇನ್ನೂ ನಾಲ್ಕು ತಾಸು,
ಬಂದರೂ ಸಾಲ ಮಾಡಿದವನ ಹಾಗೆ
ಓಣಿಯ ಕೊನೆಯಲ್ಲಿ ಮುಖ ತೋರಿಸಿ ಜಾರಿಕೊಳ್ಳುತ್ತಾನೆ.
ಸೊನ್ನೆಯಿಂದ ಹತ್ತೊಂಬತ್ತು ಮೆಟ್ಟಿಲು ಕೆಳಗಿದೆ ಪಾದರಸ.

ಸೇತುವೆಯ ಬುಡದಲ್ಲಿ ನಾನು.
ತೊಡೆಯ ಮೇಲೆ ವಿಶ್ವವಿದ್ಯಾಲಯದ ಮುದ್ರೆಯ ಹಾಳೆ,
ಹೆಬ್ಬೆರಳಿನಡಿ ಎಣಿಸುವ ಪುಟ್ಟ ಯಂತ್ರ.
ಸೈಕಲ್ಲಿಗೊಂದು ಟಿಕ್.
ಟಿಕ್, ಪತ್ರಿಕೆ ಹಂಚಿ ಖಾಲಿ ಚೀಲದೊಂದಿಗೆ ಮರಳುವ ಹುಡುಗ.
ಟಿಕ್, ಕಣ್ಣಷ್ಟೇ ಕಾಣುವ ಯಾರೋ,
ರೆಪ್ಪೆಯ ಮೇಲೆ ಉಪ್ಪು ಚಿಮುಕಿಸಿದಂಥ ಹಿಮ.
ಟಿಕ್, ಟಿಕ್, ಮಾತಾಡುತ್ತ ಜೋಡಿಯಾಗಿ ಹೋದ ಇಬ್ಬರು;
ಮಾತು ಆವಿಯಾಗಿ ಅವರ ಹಿಂದೆ ಒಂದು ಮಾರು ಬಂದು
ಕರಗಿತು.

'ಶೀತನಗರಗಳಲ್ಲಿ ಸುಸ್ಥಿರ ಬದುಕಿನ ಆಯ್ಕೆಗಳು',
ಇದು ನನ್ನ ಅಧ್ಯಯನ, ಅನುದಾನದ ಮೂರನೆಯ ವರ್ಷ.
ಕಳೆದ ವಾರ ಸಂದರ್ಶನಕ್ಕೆ ಬಂದವಳು ತೆಲ್ಲೆರ್ವೊ,
ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ, ವಯಸ್ಸು ಅರವತ್ತೊಂದು.
ಪೊಲೀಸರ ಹರಾಜಿನಲ್ಲಿ ಇಪ್ಪತ್ತು ಯೂರೋಗೆ ಕೊಂಡ ಗಂಡಸರ ಸೈಕಲ್ಲು,
ಸೀಟಿಗೆ ಅಂಗಡಿಯ ಪ್ಲಾಸ್ಟಿಕ್ ಚೀಲದ ಟೊಪ್ಪಿಗೆ.

ಈ ಆಯ್ಕೆ ಯಾಕೆ ಮಾಡಿದಿರಿ? ಕೇಳಿದೆ.
ಅವಳು ಆ ಪದವನ್ನು
ಬೇರೆಯವರ ಮನೆಯ ಚಮಚದಂತೆ ತಿರುಗಿಸಿ ನೋಡಿದಳು.
'ಮೊದಲ ಬಸ್ಸು ಆರೂಮುಕ್ಕಾಲಿಗೆ.
ನನ್ನ ಪಾಳಿ ಆರೂವರೆಗೆ.'
ಆರೋಗ್ಯ? ಹಣ? ಪರಿಸರಕ್ಕಾಗಿ?
'ಪರಿಸರವಾ! ಅದು ನನಗೇನು ಮಾಡಿದೆ?
ಗಾಳಿ ನೋಡು, ಹೋಗುವಾಗಲೂ ಎದುರು, ಬರುವಾಗಲೂ ಎದುರು.'
'ಇತರೆ' ಎಂಬಲ್ಲಿ ಗುರುತು ಹಾಕಿದೆ.
ಅದರ ಮುಂದೆ ಬರೆಯಲು ಬಿಟ್ಟ ಜಾಗ ಒಂದೂವರೆ ಅಂಗುಲ.

ಇನ್ನೊಂದು ಮಾತು ಹೇಳಬೇಕು, ಹೇಳದೆ ತಳ್ಳುತ್ತ ಬಂದೆ.
ನಾನು ಕೂತಿರುವುದು ಕಾರಿನಲ್ಲಿ.
ಎಂಜಿನ್ನು ಚಾಲೂ, ಕಾಲಿಗೆ ಬಿಸಿಗಾಳಿ.
ಹೋದ ಫೆಬ್ರವರಿ ಇದೇ ಇಳಿಜಾರಿನಲ್ಲಿ ಜಾರಿ ಬಿದ್ದು
ಮಣಿಕಟ್ಟಿನಲ್ಲೀಗ ಎರಡು ಸ್ಕ್ರೂ;
ಅಂದಿನಿಂದ ಹತ್ತಿಲ್ಲ.
ಮೂರು ಬೀದಿ ಆಚೆ ಕಾರು ನಿಲ್ಲಿಸಿ
ಹೆಲ್ಮೆಟ್ಟು ಕೈಯಲ್ಲಿ ಹಿಡಿದು ವಿಭಾಗಕ್ಕೆ ನಡೆದು ಹೋಗುತ್ತೇನೆ.
'ಇಂಥ ಚಳಿಯಲ್ಲೂ!' ಎನ್ನುತ್ತಾರೆ ಸಹೋದ್ಯೋಗಿಗಳು.
ನಗುತ್ತೇನೆ. ನಗುವುದು ಸುಳ್ಳಲ್ಲವಲ್ಲ.

ಕಿಟಕಿಗೆ ಯಾರೋ ಬಡಿದರು.
ಉಣ್ಣೆಯ ಮುಷ್ಟಿ. ತೆಲ್ಲೆರ್ವೊ.
ಗಾಜು ಇಳಿಸಿದೆ, ಚಳಿ ಮೊದಲು ಒಳಬಂತು, ಆಮೇಲೆ ಅವಳ ದನಿ:
'ಹೊಗೆ ಕುಡಿದು ಸತ್ತಿದ್ದೀಯೇನೋ ಅಂತ ನಿಂತೆ.
ಹೋದ ವರ್ಷ ಒಬ್ಬ ಹೀಗೇ ನಿದ್ದೆ ಹೋಗಿದ್ದ.'
ಹಾಳೆಯತ್ತ ಬಗ್ಗಿದಳು. 'ನನ್ನನ್ನು ಎಣಿಸಿದೆಯಾ?'
ಎಣಿಸಿದೆ.
'ನಿನ್ನನ್ನು?'

ವಾಹನಗಳಿಗೂ ಒಂದು ಕಾಲಂ ಇದೆ.
ಆದರೆ ನಿಂತ ವಾಹನ ಎಣಿಸತಕ್ಕದ್ದಲ್ಲ,
ಸೂಚನೆ ನಾಲ್ಕು.
ಬರೆದವಳು ನಾನೇ.

ಪಾಳಿಗೆ ತಡವಾಯಿತೆಂದು ಅವಳು ಹೋದಳು,
ಹಿಂದಿನ ಕೆಂಪು ದೀಪ ಸೇತುವೆಯ ಉಬ್ಬು ಹತ್ತಿ ಇಳಿಯುವ ತನಕ ನೋಡಿದೆ.
ಆಟಕ್ಕುಂಟು, ಲೆಕ್ಕಕ್ಕಿಲ್ಲ ಎನ್ನುತ್ತೇವೆ ಚಿಕ್ಕ ಮಕ್ಕಳಿಗೆ.
ತಿರುಗಿಸಿ ಹೇಳಿದರೆ
ಅದು ಯಾರ ಹೆಸರಾದೀತು?

ಎಂಜಿನ್ನು ಆರಿಸಿದೆ. ಇಳಿದೆ.
ಮೂಗಿನೊಳಗಿನ ಕೂದಲು ಗಾಜಾಯಿತು.
ಮಣಿಕಟ್ಟಿನ ಸ್ಕ್ರೂಗಳು ಹವಾಮಾನ ವರದಿ ಓದತೊಡಗಿದವು.
ಎಣಿಸುವ ಯಂತ್ರ ನೂರ ನಲವತ್ತೇಳಕ್ಕೆ ಹೆಪ್ಪುಗಟ್ಟಿತು;
ಒತ್ತಿದೆ, ಉಜ್ಜಿದೆ, ಬಾಯಿಯ ಬಿಸಿ ಊದಿದೆ,
ಅಲುಗಲಿಲ್ಲ.
ಅಷ್ಟರಲ್ಲಿ ಎಷ್ಟು ಮಂದಿ ಹೋದರೋ ಗೊತ್ತಿಲ್ಲ.
ಹಿಮ ಕರಕರ ಅರೆಯುವ ಚಕ್ರಗಳ ಸದ್ದು ಒಂದೇ ಸಮ.

ಕಿಣಿ ಕಿಣಿ ಗಂಟೆ ಬಾರಿಸಿದರು ಬೆನ್ನ ಹಿಂದೆ.
ಮತ್ತೊಮ್ಮೆ, ಸ್ವಲ್ಪ ಸಿಟ್ಟಿನಿಂದ.
ನೋಡಿದರೆ ನಾನು
ಸೈಕಲ್ಲು ದಾರಿಯ ನಟ್ಟನಡುವೆ ನಿಂತಿದ್ದೆ.